ಜೂನ್ 1 ಮತ್ತು ಕಾರಹುಣ್ಣಿಮೆ

ನಮ್ಮ ಬಾಲ್ಯದಲ್ಲಿ ಹುಟ್ಟುಹಬ್ಬವೆಂಬುದು ದೊಡ್ಡ ಸಂಗತಿಯಾಗಿರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದ ತಂದೆಯನ್ನು ಗುರುಗಳು ಹುಟ್ಟಿದ ದಿನ ಕೇಳುವರು. “ಮಳಿ ಹಿಡಿದಿತ್ರಿ” ಎಂದೋ “ಸುಗ್ಗಿ ಮುಗಿದಿತ್ರಿ” ಎಂದೋ ಉತ್ತರ ಬರುವುದು. ಶಾಲೆ ಆರಂಭವಾಗುವ ತಿಂಗಳಿಗೆ ವಯಸ್ಸು ಸರಿಹೊಂದಿದರೆ ಸಾಕೆಂದು ಗುರುಗಳು ಜೂನ್ 1 ಎಂದು ಬರೆದುಕೊಳ್ಳುವರು. ಹೀಗಾಗಿ ನಮ್ಮ ಪೀಳಿಗೆಯಲ್ಲಿ ಜೂನ್ 1ರಂದು ‘ಹುಟ್ಟಿದವರು’ ಮನೆಮನೆಯಲ್ಲಿಯೂ ಸಿಗುತ್ತಾರೆ. ನಮ್ಮ ದಾಖಲೆಯಲ್ಲಿಯೂ ಅದೇ ದಿನ, ನಮ್ಮ ಮನೆಯವರ ದಾಖಲೆಯಲ್ಲಿಯೂ ಅದೇ ದಿನ. ವರ್ಷ ಮಾತ್ರ ಬೇರೆ.

2024ರ ಬೇಸಿಗೆಯಲ್ಲಿ ನಾವಿಬ್ಬರೂ ಧಾರವಾಡದಿಂದ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆ ವರ್ಷ ಜೂನ್ 1 ಶನಿವಾರ ಬಂದಿತ್ತು. ದಾಖಲೆಯಂತೆ ಮನೆಯವರಿಗೆ ಅಂದು ಅರವತ್ತು ತುಂಬುವುದಿತ್ತು. ಶನಿವಾರ, ರವಿವಾರ ಎರಡು ದಿನ ನಾವು ಪ್ಯಾರಿಸ್ ನಗರ ನೋಡಿ ಬರಬೇಕೆಂದು ಮಗಳು ಮೊದಲೇ ನಿಶ್ಚಯಿಸಿದ್ದಳು. ಇಂಗ್ಲೆಂಡಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಆದುದರಿಂದ ಊರಿನಿಂದ ಹೊರಡುವ ಮುನ್ನವೇ ಷೆಂಗೆನ್ ವೀಸಾವನ್ನೂ ನಮ್ಮಿಂದ ಮಾಡಿಸಿದ್ದಳು. ಮೊಮ್ಮಕ್ಕಳನ್ನೂ ಕರೆದೊಯ್ಯೋಣವೆಂದು ಮನೆಯವರು ಹಟ ಹಿಡಿದರು. “ಬ್ಯಾಡವ್ವ, ನೀನು ಅಪ್ಪಾಜಿ ಇಬ್ಬರ ಹೋಗಿಬರ್ರಿ” ಎಂದು ಮಗಳು ಒಪ್ಪಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷಗಳಲ್ಲಿ ನಾವಿಬ್ಬರೇ ಎಲ್ಲಿಗಾದರೂ ಹೋಗಿದ್ದೆವೇ ಎಂದು ನೆನೆದರೆ, ಆಸ್ಪತ್ರೆಯೊಂದನ್ನು ಬಿಟ್ಟು ಬೇರೆ ಯಾವ ಸ್ಥಳವೂ ನೆನಪಾಗಲಿಲ್ಲ.

ರೈಲು ಹೊರಡುವುದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ. ಫ್ರಾನ್ಸಿನ ಅಧಿಕಾರಿಗಳೂ ಅಲ್ಲಿಯೇ ಕುಳಿತು ಪಾಸ್‌ಪೋರ್ಟ್ ಪರೀಕ್ಷಿಸುತ್ತಾರೆ. ನಮ್ಮ ಎರಡೂ ಪುಸ್ತಕಗಳನ್ನು ನೋಡಿದ ತರುಣ ಅಧಿಕಾರಿ ಹುಬ್ಬೇರಿಸಿದನು. ಗಂಡಹೆಂಡಿರು ಒಂದೇ ದಿನ ಹುಟ್ಟಿದ್ದಾರೆ, ಅದೂ ಈ ದಿನವೇ! ಅವನು ನಗುತ್ತ ನಮ್ಮಿಬ್ಬರಿಗೂ ಶುಭಾಶಯ ಹೇಳಿದನು. ನಮ್ಮೂರ ಗುರುಗಳ ಲೇಖನಿಯ ಮಹಿಮೆಯನ್ನು ಅವನಿಗೆ ವಿವರಿಸುವ ಭಾಷೆ ನಮ್ಮಲ್ಲಿರಲಿಲ್ಲ. ಮನೆಯವರು ಸೆರಗು ಸರಿಪಡಿಸಿಕೊಂಡು ಸುಮ್ಮನೆ ನಕ್ಕರು.

1994ರಲ್ಲಿ ತೆರೆದ ಕಾಲುವೆ ಸುರಂಗ ಸುಮಾರು 50 ಕಿಲೋಮೀಟರ್ ಉದ್ದ. ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ತಳದ ಕೆಳಗಿದೆ. ಕಿಟಕಿಯಾಚೆ ಕತ್ತಲೆಯಲ್ಲದೆ ಬೇರೇನೂ ಕಾಣದು. ಎರಡೂಕಾಲು ತಾಸಿನ ಸುಮಾರಿಗೆ ಪ್ಯಾರಿಸ್ಸಿನ ಗಾರ್ ದ್ಯು ನಾರ್ ನಿಲ್ದಾಣ ಬಂದಿತು. ಶಾಕಾಹಾರದ ಚಿಂತೆ ನಮ್ಮನ್ನು ಕಾಡಿತ್ತು. ಅದು ಬೇಗನೆ ಪರಿಹಾರವಾಯಿತು. ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಲಾ ಶಾಪೆಲ್ ಎಂಬ ಕೇರಿಯಿದೆ. ಶ್ರೀಲಂಕೆಯ ಯುದ್ಧಕಾಲದಲ್ಲಿ ದೇಶ ಬಿಟ್ಟ ತಮಿಳರು ಅಲ್ಲಿ ಅಂಗಡಿ, ಖಾನಾವಳಿಗಳನ್ನು ಇಟ್ಟುಕೊಂಡಿದ್ದಾರೆ. ಸೀರೆಯ ಅಂಗಡಿಗಳ ನಡುವೆ ಕುಳಿತು ನಾವು ಇಡ್ಲಿ, ದೋಸೆ ತಿಂದೆವು. ಸಂಜೆಗೆಂದು ಬಾಗೆಟ್ ಎಂಬ ಉದ್ದನೆಯ ಬ್ರೆಡ್ಡು ಕೊಂಡೆವು. ಹಿಟ್ಟು, ನೀರು, ಉಪ್ಪು ಮತ್ತು ಹುದುಗಿನಿಂದ ಮಾಡಿದ ಅದರ ಸಿಪ್ಪೆ ನಮ್ಮ ಕಟಕ ರೊಟ್ಟಿಯಂತೆಯೇ ಮುರಿಯುತ್ತದೆ. ಮನೆಯವರು ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದರು. ಊಟಕ್ಕೆ ಕೊರತೆಯಾಗಲಿಲ್ಲ.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ. ಸೇನ್ ನದಿಯ ಮೇಲೆ ಪಾಂ ದೆಜಾರ್ ಎಂಬ, ನಡೆಯುವವರಿಗೆ ಮಾತ್ರ ಮೀಸಲಾದ ಸೇತುವೆಯಿದೆ. ಅದರ ಮೇಲೆ ಕುಳಿತೆವು. ಪ್ರೇಮಿಗಳು ತಮ್ಮ ಹೆಸರು ಬರೆದ ಬೀಗವನ್ನು ಅದರ ಕಟಕಟೆಗೆ ಹಾಕಿ ಕೀಲಿಯನ್ನು ನದಿಗೆ ಎಸೆಯುವ ರೂಢಿ ಒಂದು ಕಾಲಕ್ಕೆ ಬೆಳೆದಿತ್ತು. ಭಾರ ತಾಳದೆ 2014ರಲ್ಲಿ ಕಟಕಟೆಯ ಒಂದು ಭಾಗವೇ ಕುಸಿಯಿತು. ಮರುವರ್ಷ ನಗರಾಡಳಿತವು ಸುಮಾರು 45 ಟನ್ ತೂಕದ ಬೀಗಗಳನ್ನು ಕಿತ್ತು ತೆಗೆಯಿತು. ಆ ಕೆಲಸ ಆರಂಭವಾದದ್ದು 2015ರ ಜೂನ್ 1ರಂದು. ಮಗಳು ಬರೆದುಕೊಟ್ಟ ಚೀಟಿಯಲ್ಲಿ ಇದನ್ನು ಓದಿ ನಾವಿಬ್ಬರೂ ನಕ್ಕೆವು. ಇಲ್ಲಿಯೂ ನಮ್ಮನ್ನು ಬಿಡದ ದಿನ!

ಆ ನಗುವಿನ ಭರದಲ್ಲಿ ನಾವು ಕೇಳಿಬಿಟ್ಟೆವು: “ಅದು ಸಾಲಿ ಮಾಸ್ತರ ಬರೆದದ್ದು. ನೀ ಖರೇ ಹುಟ್ಟಿದ್ದು ಯಾವಾಗ?”

ಮನೆಯವರು ನದಿಯ ಕಡೆಗೆ ನೋಡುತ್ತ ಹೇಳಿದರು: “ಮೂವತ್ತೆಂಟು ವರ್ಷದಾಗ ಇವತ್ತ ಕೇಳಿದ್ರಿ ನೋಡ್ರಿ. ಕಾರಹುಣ್ಣಿವಿ ದಿನಾ ಹುಟ್ಟೀನಂತ. ಹೊರಗ ಎತ್ತು ಓಡಿಸಿ ಕರಿ ಹರಿಯೂ ಗದ್ದಲ, ನಾ ಅತ್ತದ್ದು ಯಾರಿಗೂ ಕೇಳಿಸಿರಲಿಲ್ಲಂತ. ನಮ್ಮವ್ವ ಪ್ರತಿ ಕಾರಹುಣ್ಣಿವಿಗೆ ನನ್ನ ತಾಟಿಗೆ ಒಂದು ಹೋಳಿಗಿ ಹೆಚ್ಚಿಗೆ ಹಾಕತಿದ್ಲು. ಲಗ್ನ ಆದಮ್ಯಾಲೆ ಅದು ನಿಂತಹೋತು.”

ನಮಗೆ ಮಾತು ಹೊರಡಲಿಲ್ಲ. ನಾವು ಹುಟ್ಟಿದ ತಿಥಿಯನ್ನು ನಮ್ಮ ತಾಯಿ ಜೋಪಾನವಾಗಿ ನೆನಪಿಟ್ಟಿದ್ದರು. 2018ರಲ್ಲಿ ನಮಗೆ ಅರವತ್ತು ತುಂಬಿದಾಗ ಅದೇ ತಿಥಿಗೆ ಬಂಧುಬಳಗ ಕೂಡಿತು, ಶಾಲು ಹೊದಿಸಿದರು, ಹಾರ ಹಾಕಿದರು. ಅಂದು ಇನ್ನೂರು ಜನರ ಊಟದ ಮೇಲ್ವಿಚಾರಣೆ ಮಾಡಿ, ಕೊನೆಯ ಪಂಕ್ತಿಯಲ್ಲಿ ಆರಿದ ಅನ್ನ ಉಂಡವರು ಇವರೇ. ಇವರಿಗೂ ಒಂದು ತಿಥಿ ಇದ್ದೀತೆಂಬ ಯೋಚನೆ ನಮಗಾಗಲಿ, ನೆರೆದವರಿಗಾಗಲಿ ಬರಲಿಲ್ಲ. ಪ್ರತಿ ಕಾರಹುಣ್ಣಿಮೆಗೆ ಹೋಳಿಗೆ ಬಡಿಸಿಕೊಂಡು ಉಂಡಿದ್ದೇವೆ. ಬಡಿಸುವವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಲಿಲ್ಲ. ಕತ್ತಲಾದ ಮೇಲೆ ದೂರದಲ್ಲಿ ಐಫೆಲ್ ಗೋಪುರದ ದೀಪಗಳು ಐದು ನಿಮಿಷ ಮಿನುಗಿದವು. ಅದಕ್ಕೇ ಕಾದು ಕುಳಿತಿದ್ದರೂ ನಮ್ಮ ಲಕ್ಷ್ಯ ಅತ್ತ ಹೋಗಲಿಲ್ಲ.

ಮರುದಿನ ಪೂಜೆ ಮುಗಿಸಿಕೊಂಡು ನೋತ್ರ ದಾಮ್ ಮಂದಿರವನ್ನು ಹೊರಗಿನಿಂದ ನೋಡಿದೆವು. 2019ರ ಏಪ್ರಿಲ್ 15ರಂದು ಬೆಂಕಿಗೆ ಸಿಕ್ಕ ಆ ಪುರಾತನ ಕಟ್ಟಡದ ಜೀರ್ಣೋದ್ಧಾರ ಆಗ ಇನ್ನೂ ನಡೆದಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು. ಸುಟ್ಟ ಮಾಡಿಗೆ ಹಿಂದಿನಂತೆಯೇ ಓಕ್ ಮರದ ತೊಲೆಗಳನ್ನು ಕೂಡಿಸಿದ್ದಾರೆ. ತಡವಾದರೂ ನೆಟ್ಟಗೆ ಮಾಡಿದ್ದಾರೆಂದು ಮನೆಯವರು ಮೆಚ್ಚಿಕೊಂಡರು. ಆ ಮಾತು ನಮಗೂ ಅನ್ವಯಿಸುವಂತೆ ಕೇಳಿಸಿತು. ಸಂಜೆಯ ರೈಲಿಗೆ ಲಂಡನ್ನಿಗೆ ಮರಳಿದೆವು.

ಇದನ್ನು ಕೇಳಲು ಪ್ಯಾರಿಸ್ಸಿನವರೆಗೆ ಹೋಗಬೇಕಾಗಿತ್ತೇ ಎಂದು ಓದುಗರು ನಗಬಹುದು. ಖಂಡಿತ ಬೇಕಾಗಿರಲಿಲ್ಲ. ಆದರೆ ಮನೆಯಲ್ಲಿ ಒಲೆ, ಫೋನು, ಬಂದವರು, ಹೋದವರು ಇರುತ್ತಾರೆ. ಗೃಹಿಣಿ ಒಂದೆಡೆ ಕುಳಿತುಕೊಳ್ಳುವುದೇ ಅಪರೂಪ. ಮೊದಲು ಅವರು ಕುಳಿತುಕೊಳ್ಳುವಂತೆ ಮಾಡಬೇಕು, ಆಮೇಲೆ ಕೇಳಬೇಕು. ಅದಕ್ಕೆ ಊರ ಕೆರೆಯ ದಂಡೆಯೂ ಸಾಕು.

ಮೂರು ವಾರಗಳ ನಂತರ ಕಾರಹುಣ್ಣಿಮೆ ಬಂದಿತು. ಅಷ್ಟರಲ್ಲಿ ನಾವು ಧಾರವಾಡಕ್ಕೆ ಮರಳಿದ್ದೆವು. ಹೋಳಿಗೆ ಮಾಡಿದವರು ಅವರೇ, ನಮಗೆ ಆ ವಿದ್ಯೆ ಬಾರದು. ಬಡಿಸಿದವರು ಮಾತ್ರ ನಾವು. ಅವರ ತಾಟಿಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಿದೆವು. ಅವರು ಬೇಡವೆನ್ನಲಿಲ್ಲ.

ತಮ್ಮ ಮನೆಯಲ್ಲಿಯೂ ಜೂನ್ 1ರಂದು ಹುಟ್ಟಿದ ತಾಯಿ, ಅತ್ತೆ, ಮಡದಿ ಇರಬಹುದು. ಹೇಳಬಲ್ಲವರು ಇರುವಾಗಲೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿರೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.