ಗಣಕಯಂತ್ರಕ್ಕಿಂತ ಮೊದಲು

ಉನ್ನತ ವಿಜ್ಞಾನಕ್ಕೂ ಮೊಳಕಾಲ್ಮೂರು-ಚಳ್ಳಕೆರೆ ಸೀಮೆಯ ಮಕ್ಕಳಿಗೂ ಬಹುದೂರವೆಂಬ ಭಾವನೆ ಇನ್ನೂ ಅಳಿದಿಲ್ಲ. ಆದರೆ ಈ ಸೀಮೆಯ ಕುರಿ-ದನಗಳು ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸುಮಾರು 1,500 ಎಕರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದು, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಅದರ ಎರಡನೆಯ ಆವರಣ ತಲೆಯೆತ್ತಿದೆ. ಹುಲ್ಲುಗಾವಲು ಕಳೆದುಕೊಂಡವರ ಅಳಲು ಸಣ್ಣದಲ್ಲ. ಕೊಟ್ಟ ನೆಲಕ್ಕೆ ಪ್ರತಿಯಾಗಿ ಈ ಸೀಮೆ ಕೇಳಬೇಕಾದುದು ವಿದ್ಯೆಯನ್ನೇ. ಆದರೆ ಎಂತಹ ವಿದ್ಯೆ?

ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಭೌತವಿಜ್ಞಾನಿ ಪ್ರೊ. ಎಚ್. ಆರ್. ಕೃಷ್ಣಮೂರ್ತಿಯವರ ಕಾಯಕವನ್ನು ಇಲ್ಲಿ ನೆನೆಯುವುದು ಉಚಿತ. ಶುದ್ಧ ಲೋಹವನ್ನು ತಣಿಸಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಕೆಲವು ಲೋಹಗಳಲ್ಲಿ ಕಬ್ಬಿಣದಂತಹ ಕಾಂತೀಯ ಪರಮಾಣುಗಳು ಕೊಂಚವೇ ಬೆರೆತಿದ್ದರೂ ಸಾಕು, ಇಳಿದ ರೋಧ ಮತ್ತೆ ಏರತೊಡಗುತ್ತದೆ. 1964ರಲ್ಲಿ ಜಪಾನಿನ ಜುನ್ ಕೊಂಡೊ ಇದರ ಕಾರಣವನ್ನು ತೋರಿಸಿದರಾದರೂ ಅತಿಶೀತದಲ್ಲಿ ಅವರ ಲೆಕ್ಕ ಕೈಕೊಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ವಿಲ್ಸನ್ 1975ರಲ್ಲಿ ಗಣಕಯಂತ್ರದ ನೆರವಿನಿಂದ ಅದನ್ನು ಬಿಡಿಸುವ ಮಾರ್ಗವನ್ನು ಪ್ರಕಟಿಸಿದರು. ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಕೃಷ್ಣಮೂರ್ತಿಯವರು ಆ ಮಾರ್ಗವನ್ನು ಇನ್ನೂ ಜಟಿಲವಾದ ಆಂಡರ್ಸನ್ ಮಾದರಿಗೆ ವಿಸ್ತರಿಸಿದರು. ವಿಲ್ಕಿನ್ಸ್, ವಿಲ್ಸನ್ ಅವರೊಡನೆ 1980ರಲ್ಲಿ ಅವರು ಪ್ರಕಟಿಸಿದ ಎರಡು ದೀರ್ಘ ಪ್ರಬಂಧಗಳನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ.

ಆ ಮಾರ್ಗದ ತಿರುಳನ್ನು ಕಪ್ಪುಹಲಗೆಯ ಮೇಲೆಯೇ ತೋರಿಸಬಹುದು. ಇಲೆಕ್ಟ್ರಾನುಗಳು ನಿಲ್ಲಬಲ್ಲ ಒಂದು ನೆಲೆಗೆ ನಾಲ್ಕು ಸ್ಥಿತಿಗಳು: ಬರಿದು, ಮೇಲ್ಮುಖ ಸ್ಪಿನ್, ಕೆಳಮುಖ ಸ್ಪಿನ್, ಎರಡೂ ಕೂಡಿ. ಎರಡು ನೆಲೆಗಳಾದರೆ ಹದಿನಾರು, ಹತ್ತಾದರೆ 10,48,576. ಇನ್ನು ಹತ್ತು ಸೇರಿಸಿದರೆ ಯಾವ ಯಂತ್ರಕ್ಕೂ ಉಸಿರು ಕಟ್ಟೀತು. ಆದ್ದರಿಂದ ನೆಲೆಗಳನ್ನು ಒಂದೊಂದಾಗಿ ಪೋಣಿಸುತ್ತ, ಪ್ರತಿ ಹೆಜ್ಜೆಯಲ್ಲೂ ಕಡಿಮೆ ಶಕ್ತಿಯ ಸ್ಥಿತಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಕೈಬಿಡುತ್ತಾರೆ. ಹೊಸ ನೆಲೆಯ ಬಂಧ ಹಿಂದಿನದಕ್ಕಿಂತ ಸಡಿಲವಾಗುವಂತೆ ಸಮಸ್ಯೆಯನ್ನು ಮೊದಲೇ ಹೆಣೆದಿರುವುದರಿಂದ ಈ ತ್ಯಾಗ ಸಲ್ಲುತ್ತದೆ. ಯಾವುದನ್ನು ಬಿಡಬೇಕೆಂದು ನಿರ್ಣಯಿಸಿದ್ದು ಯಂತ್ರವಲ್ಲ, ಮನುಷ್ಯ. ಅದೂ ಇಂದಿನ ಕೈಫೋನಿಗಿಂತ ದುರ್ಬಲವಾದ ಗಣಕಗಳ ಕಾಲದಲ್ಲಿ. ಮುಂದೆ ಟಿ. ವಿ. ರಾಮಕೃಷ್ಣನ್ ಮೊದಲಾದವರೊಡನೆ ಮ್ಯಾಂಗನೈಟ್ ವಸ್ತುಗಳನ್ನು ಕುರಿತು ಕೃಷ್ಣಮೂರ್ತಿಯವರು ನಡೆಸಿದ ಅಧ್ಯಯನದ ಹಿಂದೆಯೂ ಇಂತಹುದೇ ವಿವೇಕವಿದೆ.

ಶಾಲೆಗಳಿಗೆ ದಾನ ನೀಡುವವರು ಗಣಕಯಂತ್ರಗಳ ಕೋಣೆ ಕಟ್ಟಿಸಲು ಮುಂದಾಗುವುದು ಸಹಜ. ಉದ್ಘಾಟನೆಗೆ ಅದು ಒಪ್ಪುತ್ತದೆ. ಆದರೆ ಘಾತಾಂಕದ ಪಾಠವನ್ನು ಬಾಯಿಪಾಠ ಮಾಡಿಸುವ ಶಾಲೆಗೆ ಆ ಕೋಣೆಯಿಂದ ಟೈಪಿಂಗ್ ದಕ್ಕೀತೇ ಹೊರತು ಗಣಿತ ದಕ್ಕದು. ಕುದಾಪುರದ ಆವರಣದಲ್ಲಿ ವಿಜ್ಞಾನ, ಗಣಿತ ಅಧ್ಯಾಪಕರಿಗಾಗಿಯೇ ತರಬೇತಿ ಕೇಂದ್ರವೊಂದಿದೆ. ಅಲ್ಲಿಗೆ ಹೋಗಿಬರಲು ಅಧ್ಯಾಪಕರಿಗೆ ಬೇಕಾದುದು ಬಿಡುವು. ಅಕ್ಷರ ದಾಸೋಹದಲ್ಲಿ ಕೈಜೋಡಿಸಬಯಸುವ ಹಳೆಯ ವಿದ್ಯಾರ್ಥಿಗಳು, ಆ ದಿನಗಳಲ್ಲಿ ತರಗತಿ ನೋಡಿಕೊಳ್ಳುವ ಬದಲಿ ಶಿಕ್ಷಕರ ಸಂಬಳಕ್ಕೆಂದು ಒಂದು ದತ್ತಿಯನ್ನಿಡಲಿ. ಹೆಸರು ಕೆತ್ತಿಸಲು ಅದಕ್ಕೆ ಗೋಡೆ ಸಿಗದೆಂಬುದು ನಿಜವೇ. ಆದರೂ ಮುಂದಿನ ಬೇಸಿಗೆಯ ರಜೆಗೆ ಮುನ್ನ ಆಡಳಿತ ಮಂಡಲಿ ಈ ವಿಷಯವನ್ನು ಸಭೆಯ ಮುಂದಿಡಬಹುದು.