ಸೇವಾ ಮಾಡ್ಲಿಕ್ಕೆ ಜರ್ಮನಿಗೇ ಹೋಗಬೇಕೇನು?

ನಮ್ಮ ಅಕ್ಕನ ಮಗಳು ಜರ್ಮನಿಗೆ ಹೋಗಿ ಎಂಟು ತಿಂಗಳಾತು. ಅವತ್ತಿನಿಂದ ಓಣ್ಯಾಗ, ಲಗ್ನದ ಮನ್ಯಾಗ, ಭಜನಿ ಮಂಡಳ್ಯಾಗ ಎಲ್ಲಾರೂ ಕೇಳೂದು ಒಂದೇ: "ಏನ್ರೀ, ಡಿಗ್ರಿ ಓದಿದ ಹುಡುಗಿ, ಮುದುಕರ ಚಾಕರಿ ಮಾಡ್ಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇನು? ಅದೂ ಕ್ರಿಶ್ಚನ್ನರ ಸಂಸ್ಥಾಕ್ಕ?" ಒಬ್ಬೊಬ್ಬರಿಗೇ ಹೇಳಿ ಸಾಕಾಗೇದ. ಇಲ್ಲೆ ಎಲ್ಲಾರಿಗೂ ಕೂಡಿಸಿ ಹೇಳಿಬಿಡ್ತೀನಿ.

ಜರ್ಮನ್ಯಾಗ ಒಂದು ವರ್ಷದ ಸಮಾಜಸೇವಾ ಅಂತ ಒಂದು ಪದ್ಧತಿ ಅದ, ಎಫ್‌ಎಸ್‌ಜೆ ಅಂತಾರ. 1964ರಿಂದ ಅದಕ್ಕ ಕಾಯ್ದೆನೇ ಅದ. ಸಾಲಿ ಮುಗಿಸಿದ, 27 ತುಂಬದ ಹುಡುಗ ಹುಡುಗ್ಯಾರು ದವಾಖಾನಿ, ವೃದ್ಧಾಶ್ರಮ, ಬಾಲವಾಡಿ, ಅಂಗವಿಕಲರ ಮನಿ ಇಂಥಲ್ಲೆ ಕೆಲಸ ಮಾಡ್ತಾರ. ಹೊರದೇಶದವರಿಗೂ ಅವಕಾಶ ಅದ. ಪಗಾರ ಇಲ್ಲ. ಕೈಖರ್ಚಿಗೆ ಸ್ವಲ್ಪ ರೊಕ್ಕ, ಆರೋಗ್ಯ ವಿಮಾ, ಭಾಳ ಕಡೆ ಖೋಲಿ ಊಟನೂ ಕೊಡ್ತಾರ. ವರ್ಷಕ್ಕ 25 ದಿನ ಕಲಿಸೋ ಶಿಬಿರ, ಮ್ಯಾಲೆ ಸೂಟಿ, ಕಡೀಕ ಸರ್ಟಿಫಿಕೇಟು.

ಇಂಥ ಮನಿಗಳನ್ನ ಅಲ್ಲೆ ಭಾಳಷ್ಟು ನಡಸೂದು ಚರ್ಚಿನ ಸಂಸ್ಥಾಗಳು. ಪ್ರೊಟೆಸ್ಟಂಟರದು ಡಿಯಾಕೊನಿ, ಕ್ಯಾಥೊಲಿಕರದು ಕಾರಿತಾಸ್. ನಮ್ಮ ಹುಡುಗಿ ಇರೂದು ಡಿಯಾಕೊನಿಯ ವೃದ್ಧಾಶ್ರಮದಾಗ, ಸ್ಟುಟ್‌ಗಾರ್ಟ್ ಕಡೆ ಒಂದು ಸಣ್ಣೂರಾಗ. "ಜಾತಿ ಕೆಡಸ್ತಾರ" ಅಂತ ಹೆದರಿಸಿದವರು ಭಾಳ ಮಂದಿ. ಇಕಿ ಖೋಲ್ಯಾಗ ಗಣಪ್ಪನ್ನ ಇಟ್ಕೊಂಡಾಳ, ಯಾರೂ ಒಂದು ಮಾತು ಅಂದಿಲ್ಲ. ಕ್ರಿಸ್‌ಮಸ್ಸಿನ ಮುಂಚೆ ಹಸರ ಟೊಂಗಿಯ ಚಕ್ರ ಮಾಡಿ ವಾರಕ್ಕೊಂದರಂಗ ನಾಕು ಮೇಣಬತ್ತಿ ಹಚ್ಚತಾರ. ಅಲ್ಲಿಯ ಅಜ್ಜಿಗೋಳು ಹಚ್ಚಲಿಕ್ಕೆ ಇಕಿನ್ನೇ ಕರದ್ರಂತ. ಇಕಿ ಹಚ್ಚಿದ್ಲು. ದೀಪಾ ಹಚ್ಚಿದ್ರ ಏನು ಕೆಡ್ತದ ಹೇಳ್ರಿ?

ನಮ್ಮ ಧಾರವಾಡದಾಗ ಬಾಸೆಲ್ ಮಿಶನ್ ಸಾಲ್ಯಾಗ ಕಲತವರು ಎಷ್ಟು ಮನ್ಯಾಗ ಇಲ್ಲ? 1834ರಾಗ ಮಂಗಳೂರಿಗೆ ಬಂದ ಆ ಮಿಶನ್ನಿನವರೊಳಗ ಭಾಳ ಮಂದಿ ಇದೇ ಸ್ಟುಟ್‌ಗಾರ್ಟ್ ಸೀಮಿಯವರು. 1894ರಾಗ ಕನ್ನಡ ಶಬ್ದಕೋಶ ಹೊರಗ ತಂದ ಕಿಟೆಲ್ ಸಾಹೇಬರು ತೀರಿಕೊಂಡದ್ದು ಅಲ್ಲೇ ಸಮೀಪ ಟ್ಯೂಬಿಂಗೆನ್ನಿನಾಗ. ಅವರು ಬಂದದ್ದು ತಮ್ಮ ಧರ್ಮ ಹೇಳ್ಲಿಕ್ಕೆ, ಅದೇನು ಮುಚ್ಚಿಡೋ ಮಾತಲ್ಲ. ಆದ್ರ ಅವರ ಸಾಲ್ಯಾಗ ಕಲತ ನಮ್ಮವರು ನಮ್ಮವರಾಗೇ ಉಳದಾರ. ಇಕಿನೂ ಉಳೀತಾಳ.

ಪುಸ್ತಕದ ಜರ್ಮನ್ ಕಲತು ಹೋದ್ಲು, ಅಲ್ಲೆ ಅಜ್ಜಿಗೋಳು ಆಡೂದು ಆ ಸೀಮಿಯ ಮನಿಮಾತು, ಶ್ವಾಬಿಶ್. ಸಣ್ಣ, ಮುದ್ದಿನ ಸಾಮಾನಿಗೆಲ್ಲಾ ಕೊನೀಗೆ 'ಲೆ' ಹಚ್ಚತಾರಂತ. 'ಹೌಸ್' ಅಂದ್ರ ಮನಿ, ಸಣ್ಣ ಮನಿ 'ಹೊಯ್ಸ್‌ಲೆ'. "ಮೌಶಿ, ಇಲ್ಲೂ ಎಲ್ಲಾರೂ ಲೇ ಲೇ ಅಂತಾರ" ಅಂತ ನಗತಾಳ.

ಇನ್ನ ಆ 'ಚಾಕರಿ' ಅನ್ನೋ ಮಾತು. ಮುಂಜಾನೆ ಎಬ್ಬಿಸಿ ಮಾರಿ ತೊಳಸೂದು, ತಲಿ ಹಿಕ್ಕೂದು, ಉಣಸೂದು, ಹಾಸಿಗಿ ಬದಲಿ ಮಾಡೂದು, ಡೈಪರ್ ಬದಲಿಸೂದು. ನಾವು ಮಾಡಿಲ್ಲೇನು? ನಮ್ಮ ಅತ್ತಿಯವರು ಹಾಸಿಗಿ ಹಿಡದ ಆರು ವರ್ಷ ನಾ ಮಾಡೀನಿ. ಅದನ್ನೇ ಸೊಸಿ ಮಾಡಿದ್ರ ಕರ್ತವ್ಯ, ರೊಕ್ಕ ಕೊಟ್ಟು ಇಟ್ಟ ಬಾಯಿ ಮಾಡಿದ್ರ ಚಾಕರಿ, ಓದಿದ ಹುಡುಗಿ ಪರದೇಶದಾಗ ಮಾಡಿದ್ರ ಮನಿ ಮರ್ಯಾದಿ ಹೋತು. ಕೆಲಸ ಒಂದು, ಹೆಸರು ಮೂರು.

ಅಲ್ಲೆ 2011ರ ತನಕ ಗಂಡುಹುಡುಗರಿಗೆ ಕಡ್ಡಾಯ ಮಿಲಿಟರಿ ಸೇವಾ ಇತ್ತು. ಬಂದೂಕ ಹಿಡಿಯೂದಿಲ್ಲ ಅಂದವರು ಅದರ ಬದಲಿ ಇಂಥ ವೃದ್ಧಾಶ್ರಮ, ದವಾಖಾನಿಯೊಳಗ ದುಡೀಬೇಕಿತ್ತು. ಹಿಂಗ ಲಕ್ಷಾಂತರ ಗಣಮಕ್ಕಳು ಆ ಕೆಲಸ ಮಾಡಿ ಬಂದಾರ. ನಮ್ಮಲ್ಲೆ? ಅವ್ವನ ಹಾಸಿಗಿ ಹತ್ರ ಮಗ ನಿಂತು "ಏನರ ಬೇಕೇನಬೇ?" ಅಂತ ಕೇಳಿ, ಪೇಪರ್ ಓದ್ಲಿಕ್ಕೆ ಹೋಗ್ತಾನ.

ಹಂಗಂತ ಕಣ್ಣು ಮುಚ್ಚಿ ಮಕ್ಕಳನ್ನ ಕಳಸ್ರಿ ಅನ್ನೂದಿಲ್ಲ. ಏಜೆಂಟರು 'ಜರ್ಮನ್ಯಾಗ ನೌಕರಿ' ಅಂತ ಹೇಳಿ ಬರ್ತಾರ. ನಮ್ಮ ಅಕ್ಕಗ ಒಬ್ಬ ಮೂರು ಲಕ್ಷ ಕೇಳಿದ್ದ. ಹುಡುಗಿ ಶಾಣ್ಯಾಕಿ, ತಾನೇ ನೇರ ಸಂಸ್ಥಾಕ್ಕ ಬರದು ಕರಾರು ತರಿಸಿಕೊಂಡ್ಲು. ಇದು ನೌಕರಿ ಅಲ್ಲ. ಸಾಲಾ ಮಾಡಿ ಹೋದ್ರ ಆ ಕೈಖರ್ಚಿನ ರೊಕ್ಕದಾಗ ತೀರೂದಿಲ್ಲ. ಖೋಲಿ ಯಾರು ಕೊಡ್ತಾರ, ದಿನಕ್ಕ ಎಷ್ಟು ತಾಸು ಕೆಲಸ, ವಿಮಾ ಯಾರು ತುಂಬತಾರ, ಅಡಚಣಿ ಬಂದ್ರ ಯಾರಿಗೆ ಹೇಳಬೇಕು, ಇಷ್ಟೂ ಕಾಗದದ ಮ್ಯಾಲೆ ಕೈಗೆ ಬರೂ ತನಕ ಟಿಕೇಟು ತಗಸಬ್ಯಾಡ್ರಿ. ಮತ್ತ ಒಂದು ವರ್ಷ ಥಂಡಿಯೊಳಗ, ರಾತ್ರಿ ಒಣಾ ರೊಟ್ಟಿ ತುಂಡು ತಿಂದು, ಒಬ್ಬಾಕಿನೇ ಇರೋ ಗಟ್ಟಿ ಮನಸ್ಸು ಮಗಳಿಗೆ ಅದ ಇಲ್ಲ ಅನ್ನೂದನ್ನೂ ನೋಡ್ರಿ.

ಜನವರಿಯೊಳಗ, ಇಕಿ ದಿನಾ ತಲಿ ಹಿಕ್ಕತಿದ್ದ ಅಜ್ಜಿ ತೀರಿಕೊಂಡ್ರು. ಸಾವು ಅಂದ್ರ ಇಕಿಗೆ ಅದೇ ಮೊದಲು. ಅಲ್ಲಿಯವರು ಮರುದಿನ ಸೂಟಿ ಕೊಟ್ಟು, ಕೂಡಿಸಿಕೊಂಡು ಮಾತಾಡಿಸ್ಯಾರ. ರಾತ್ರಿ ನನಗ ಫೋನ್ ಹಚ್ಚಿ ಭಾಳ ಅತ್ಲು. ನಡುವ ಕೇಳಿದ್ಲು: "ಮೌಶಿ, ನಿಮ್ಮತ್ತಿಗೆ ಆರು ವರ್ಷ ಮಾಡಿದ್ಯಲ್ಲ, ನಿನಗ ಯಾರು ಸೂಟಿ ಕೊಟ್ರು?"

ನನ್ನ ಹತ್ರ ಉತ್ತರಾ ಇರಲಿಲ್ಲ. ಆರು ವರ್ಷದಾಗ ನಾ ತವರಮನಿಗೆ ಹೋಗಿ ಉಳದದ್ದು ನಾಕು ರಾತ್ರಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಆ ಹುಡುಗಿ ಮಾಡೂದು ಸಣ್ಣ ಕೆಲಸ ಅಲ್ಲ, ನಾವು ಮಾಡಿದ್ದೂ ಸಣ್ಣದಾಗಿರಲಿಲ್ಲ. ಅಲ್ಲೆ ಅದಕ್ಕ ತಾಸಿನ ಲೆಕ್ಕ ಅದ, ಸೂಟಿ ಅದ, ಕಲಿಸವರು ಅದಾರ. ನಮ್ಮ ಮನ್ಯಾಗ ಸರ್ಟಿಫಿಕೇಟು ಬ್ಯಾಡ, ಪಗಾರನೂ ಬ್ಯಾಡ. ಯಾರ ಮನ್ಯಾಗ ಹಾಸಿಗಿ ಹಿಡದವರು ಅದಾರ, ಅಲ್ಲೆ ನೋಡಿಕೊಳ್ಳೋ ಹೆಣಮಗಳಿಗೆ ವಾರಕ್ಕ ಒಂದು ದಿನ ಸೂಟಿ ಸಿಗಲಿ. ಆ ದಿನ ಮಗ ಉಣಸ್ಲಿ, ಮೊಮ್ಮಗ ಹಾಸಿಗಿ ಝಾಡಿಸ್ಲಿ. ಬರದಿದ್ರ ಕಲಸ್ರಿ, ಎರಡು ದಿನದಾಗ ಬರ್ತದ.