ಹಳೆಯ ಮೋಟಾರಿಗೆ ಹೊಸ ರೇಡಿಯೇಟರು

ನಮ್ಮ ಅಲ್ಲಾಳಸಂದ್ರದಲ್ಲಿ, ಕೆರೆಗೆ ಸಮೀಪದ ಒಂದು ಮನೆಯ ಮುಂದೆ ಬಿಳಿಯ ಅಂಬಾಸಡರ್ ಕಾರೊಂದು ನಿಂತಿರುತ್ತದೆ. ಉತ್ತರಪಾರಾದ ಹಿಂದೂಸ್ಥಾನ್ ಮೋಟರ್ಸ್ ಕಾರ್ಖಾನೆಯು 2014ರಲ್ಲಿ ಈ ಕಾರಿನ ತಯಾರಿಕೆಯನ್ನು ನಿಲ್ಲಿಸಿತಾದರೂ, ಮದುವೆಯ ದಿಬ್ಬಣಕ್ಕೆ ಇದೇ ಬೇಕೆಂದು ಕೇಳಿ ಬರುವವರು ಇನ್ನೂ ಇದ್ದಾರೆ. ಆ ಬಾಡಿಗೆಯೇ ಅದರ ಯಜಮಾನರ ಸಂಸಾರಕ್ಕೆ ಆಧಾರ. ಎರಡು ವರ್ಷಗಳ ಹಿಂದೆ ಒಂದು ಲಗ್ನದ ದಿನ, ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಆ ಕಾರು ಕುದಿದು ನಿಂತಿತು. ವರನನ್ನು ಆಟೋರಿಕ್ಷಾದಲ್ಲಿ ಛತ್ರಕ್ಕೆ ಕಳುಹಿಸಬೇಕಾಯಿತು.

ಯಜಮಾನರು ಮರುದಿನವೇ ನಗರದ ಒಂದು ಅಂಗಡಿಗೆ ಹೋದರು. "ತಾಮ್ರದ ಕಾಲ ಮುಗಿಯಿತು, ಪೂರ್ತಿ ಅಲ್ಯುಮಿನಿಯಂ ರೇಡಿಯೇಟರ್ ಹಾಕಿಸಿಬಿಡಿ" ಎಂಬ ಸಲಹೆ ಅಲ್ಲಿ ದೊರೆಯಿತು. ಹಳೆಯದನ್ನು ತೂಕಕ್ಕೆ ಹಾಕಿ, ಅದರ ಬೆಲೆಯನ್ನು ಕಳೆದು, ಹೊಸದನ್ನು ಕೂಡಿಸಿಯೂ ಕೊಟ್ಟರು. ಎರಡು ತಿಂಗಳ ಸಂಪಾದನೆ ಅದಕ್ಕೆ ಹೋಯಿತು. ಮುಂದಿನ ವಾರ ಅದೇ ಹೆಬ್ಬಾಳದಲ್ಲಿ ಉಷ್ಣಮಾಪಕದ ಮುಳ್ಳು ಮತ್ತೆ ಕೆಂಪು ಗೆರೆಯನ್ನು ಮುಟ್ಟಿತು. ಆಗ ಅವರು ನನ್ನಲ್ಲಿಗೆ ಬಂದು, "ಮೇಷ್ಟ್ರೇ, ನೀವು ಇಷ್ಟು ವರ್ಷ ಫಿಸಿಕ್ಸ್ ಹೇಳಿಕೊಟ್ಟವರು. ತಾಮ್ರಕ್ಕಿಂತ ಅಲ್ಯುಮಿನಿಯಂ ಬೇಗ ತಣ್ಣಗಾಗುತ್ತೆ ಅಂದರಲ್ಲ, ಹಾಗಿದ್ರೆ ಇದು ಯಾಕೆ ಕುದೀತಿದೆ?" ಎಂದು ಕೇಳಿದರು.

ಹೊಸ ಲೋಹದ ಮೇಲೆ ನಮಗಿರುವ ಭಕ್ತಿಯೇ ಈ ಪ್ರಶ್ನೆಯ ಮೂಲ. ಉಷ್ಣವಾಹಕತೆಯ ಮಾತಾದರೆ ತಾಮ್ರವೇ ಮುಂದು; ಅಲ್ಯುಮಿನಿಯಮ್ಮಿನ ವಾಹಕತೆ ತಾಮ್ರದ ನೂರಕ್ಕೆ 60 ಪಾಲಿಗಿಂತ ಹೆಚ್ಚಲ್ಲ. ಆದರೆ ಹಳೆಯ ರೇಡಿಯೇಟರಿನಲ್ಲಿ ತಾಮ್ರವಿರುವುದು ತೆಳು ರೆಕ್ಕೆಗಳಲ್ಲಿ ಮಾತ್ರ. ನೀರು ಹರಿಯುವ ನಳಿಗೆಗಳು ಹಿತ್ತಾಳೆಯವು. ರೆಕ್ಕೆಗೂ ನಳಿಗೆಗೂ ನಡುವೆ ಸೀಸ ಮತ್ತು ತವರದ ಬೆಸುಗೆ. ಈ ಎರಡೂ ತಾಮ್ರಕ್ಕಿಂತ ಬಹಳ ಕೆಳಮಟ್ಟದ ವಾಹಕಗಳು. ಅಲ್ಯುಮಿನಿಯಂ ರೇಡಿಯೇಟರಿನಲ್ಲಿ ಅದೇ ಜಾತಿಯ ಮಿಶ್ರಲೋಹದಿಂದ ಕುಲುಮೆಯಲ್ಲಿ ಬೆಸೆದಿರುವುದರಿಂದ ನಡುವೆ ಸೀಸದ ಅಡ್ಡಿಯಿಲ್ಲ. ಮೇಲಾಗಿ ಅದರ ಚಪ್ಪಟೆ ನಳಿಗೆಗಳನ್ನು ಅಗಲವಾಗಿ ಮಾಡಬಹುದು. ಆ ಅಗಲವನ್ನು ಹಿತ್ತಾಳೆಗೆ ಕೊಟ್ಟರೆ ಒತ್ತಡಕ್ಕೆ ಉಬ್ಬದಂತೆ ದಪ್ಪ ತಗಡನ್ನು ಬಳಸಿ ತೂಕವನ್ನು ಹೊರಬೇಕಾಗುವುದು. ತೂಕದಲ್ಲಿಯೂ ಅಲ್ಯುಮಿನಿಯಂ ತಾಮ್ರದ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಯಲಹಂಕದ ವಾಯುನೆಲೆಯಿಂದ ಮೇಲೇಳುವ ವಿಮಾನಕ್ಕೆ ಕೆಲವು ಕಿಲೋಗ್ರಾಂ ಉಳಿತಾಯ ದೊಡ್ಡದು. ದಿಬ್ಬಣದ ಅಂಬಾಸಡರಿಗೆ ಅದರಿಂದ ಏನಾಗಬೇಕಾಗಿದೆ?

ಲೋಹದ ಚರ್ಚೆಯಲ್ಲಿ ನಾವು ಮರೆತುಬಿಡುವ ವಸ್ತು ಗಾಳಿ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ತಂಪುಮಾಡುವ ನೀರು ಹೊತ್ತು ತರುತ್ತದೆ. ಅದು ನೀರಿನಿಂದ ಲೋಹಕ್ಕೆ, ಲೋಹದಿಂದ ಗಾಳಿಗೆ ದಾಟಬೇಕು. ಮೊದಲ ದಾಟು ಸುಲಭ. ತೆಳುವಾದ ಲೋಹವನ್ನು ಹಾಯುವುದು ಇನ್ನೂ ಸುಲಭ, ಅದು ಯಾವ ಲೋಹವೇ ಆಗಿರಲಿ. ಇಕ್ಕಟ್ಟಿರುವುದು ಕೊನೆಯ ದಾಟಿನಲ್ಲಿ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುವಾಗ ಬಿಡುವ ಉಷ್ಣದಿಂದ ಮೂರು ಸಾವಿರ ಲೀಟರಿಗೂ ಮಿಕ್ಕಿದ ಗಾಳಿ ಒಂದು ಡಿಗ್ರಿ ಬಿಸಿಯಾಗುತ್ತದೆ. ಗಾಳಿ ಬಾರದ ರೇಡಿಯೇಟರನ್ನು ಬೆಳ್ಳಿಯಿಂದ ಮಾಡಿಸಿದರೂ ಅದು ಕುದಿಯುವ ಹಂಡೆಯೇ ಸರಿ.

ಆದಕಾರಣ ನಾನು ಯಜಮಾನರನ್ನು ಒಂದೇ ಪ್ರಶ್ನೆ ಕೇಳಿದೆ: "ದೇವನಹಳ್ಳಿ ರಸ್ತೆಯಲ್ಲಿ ವೇಗವಾಗಿ ಹೋಗುವಾಗಲೂ ಬಿಸಿಯಾಗುವುದೇ?" ಇಲ್ಲವೆಂದರು. ಅಲ್ಲಿಗೆ ಅರ್ಧ ರೋಗ ತಿಳಿದಂತಾಯಿತು. ವೇಗದಲ್ಲಿ ಬಿಸಿಯಾಗಿ ನಿಧಾನದಲ್ಲಿ ತಣ್ಣಗಿರುವ ಕಾರಿನಲ್ಲಿ ನಳಿಗೆಗಳು ಕಟ್ಟಿರುವ ಶಂಕೆ ಹೆಚ್ಚು. ನಿಂತಾಗ ಬಿಸಿಯಾಗಿ ಓಡುವಾಗ ತಣ್ಣಗಾಗುವ ಕಾರಿಗೆ ಗಾಳಿಯ ಕೊರತೆ. ಈ ಹಳೆಯ ಕಾರಿನ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ತಿರುಗುವುದರಿಂದ, ಸಾಲಿನಲ್ಲಿ ನಿಂತಾಗ ಅದೂ ಮೆಲ್ಲಗೆ ತಿರುಗುತ್ತದೆ. ಮುಂದಿನ ಜಾಲರಿಯನ್ನು ನೋಡಿದರೆ, ಮದುವೆಯ ಅಲಂಕಾರಕ್ಕೆಂದು ಎರಡು ದೊಡ್ಡ ದೀಪಗಳನ್ನೂ ಒಂದು ಹಿತ್ತಾಳೆಯ ಫಲಕವನ್ನೂ ಬಿಗಿದಿದ್ದರು! ಫ್ಯಾನಿಗೂ ರೇಡಿಯೇಟರಿಗೂ ನಡುವೆ ಅಂಗೈ ಅಗಲದ ಅಂತರ. ಗಾಳಿಯನ್ನು ಹಿಡಿದು ಎಳೆಯುವ ತಗಡಿನ ಕವಚವೂ ಇರಲಿಲ್ಲ. ದೀಪ, ಫಲಕಗಳನ್ನು ತೆಗೆಸಿ, ತಗಡಿನ ಕೆಲಸದವನಿಂದ ಕವಚವೊಂದನ್ನು ಮಾಡಿಸಿದ ಮೇಲೆ ಮುಳ್ಳು ಹೆಬ್ಬಾಳದಲ್ಲಿಯೂ ನಡುವೆ ನಿಂತಿತು. ಹಳೆಯ ರೇಡಿಯೇಟರನ್ನು ಮತ್ತೆ ಕೂಡಿಸಿ ಹೋಲಿಸಿ ನೋಡಬೇಕೆಂಬ ಆಸೆ ನನಗಿತ್ತು. ಅದು ಆ ವೇಳೆಗೆ ಗುಜರಿಯಲ್ಲಿ ಕರಗಿ ಹೋಗಿತ್ತೋ ಏನೋ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಹತ್ತು ತಿಂಗಳ ತರುವಾಯ ಹೊಸ ರೇಡಿಯೇಟರು ಸೂಜಿಮೊನೆಯಷ್ಟು ತೂತುಗಳಿಂದ ಸೋರತೊಡಗಿತು. ತೂತಿನ ಸುತ್ತ ಬಿಳಿಯ ಪುಡಿ. ಯಜಮಾನರು ಮೂವತ್ತು ವರ್ಷಗಳ ರೂಢಿಯಂತೆ ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದರು. "ಕೂಲೆಂಟ್ ಅನ್ನೋದು ಹಿಮ ಬೀಳೋ ದೇಶದವರಿಗೆ, ನಮಗ್ಯಾಕೆ ಮೇಷ್ಟ್ರೇ?" ಎಂಬುದು ಅವರ ವಾದ. ನೋಡುವುದಕ್ಕೆ ಯುಕ್ತವಾದ ವಾದವೇ. ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯಲ್ಲಿ ಕಂಡ 7.8 ಡಿಗ್ರಿ ಸೆಂಟಿಗ್ರೇಡ್. ಇಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟುವ ಭಯವೇ ಇಲ್ಲ. ಆದರೆ ಒಳ್ಳೆಯ ಕೂಲೆಂಟಿನಲ್ಲಿ ಗ್ಲೈಕಾಲ್ ಒಂದೇ ಅಲ್ಲ, ಸವೆತವನ್ನು ತಡೆಯುವ ರಾಸಾಯನಿಕಗಳೂ ಇರುತ್ತವೆ. ನಮಗೆ ಬೇಕಾದುದು ಅವು.

ಅಲ್ಯುಮಿನಿಯಂ ಬಹುಬೇಗ ಆಮ್ಲಜನಕದೊಡನೆ ಕೂಡುವ ಲೋಹ. ತನ್ನದೇ ಆಕ್ಸೈಡಿನ ತೆಳು ಪೊರೆಯನ್ನು ಹೊದ್ದುಕೊಂಡು ಉಳಿದಿರುತ್ತದೆ. ಕ್ಷಾರ ಹೆಚ್ಚಾದರೆ ಆ ಪೊರೆ ಕರಗುತ್ತದೆ. ಕ್ಲೋರೈಡ್ ಲವಣಗಳು ಅದನ್ನು ಅಲ್ಲಲ್ಲಿ ಕೊರೆಯುತ್ತವೆ. ಹಿತ್ತಾಳೆ, ತಾಮ್ರದ ಭಾಗಗಳು ಅದೇ ನೀರಿನ ದಾರಿಯಲ್ಲಿದ್ದರೆ, ಅವುಗಳಿಂದ ಕರಗಿ ಬಂದ ತಾಮ್ರದ ಕಣಗಳು ಅಲ್ಯುಮಿನಿಯಮ್ಮಿನ ಮೇಲೆ ಕುಳಿತು ಪುಟ್ಟ ವಿದ್ಯುತ್ಕೋಶಗಳನ್ನೇ ಹೂಡುತ್ತವೆ. ಅಂಥ ಕೋಶದಲ್ಲಿ ಸವೆಯುವುದು ಅಲ್ಯುಮಿನಿಯಂ. ಗಡಸು ನೀರು ಹಳೆಯ ಹಿತ್ತಾಳೆಯ ರೇಡಿಯೇಟರಿಗೂ ಒಳ್ಳೆಯದಲ್ಲ; ಒಳಗೆ ಕಟ್ಟುವ ಸುಣ್ಣದ ಹೊಪ್ಪಳಿಕೆಯ ವಾಹಕತೆ ತಾಮ್ರದ ನೂರರಲ್ಲೊಂದು ಪಾಲಷ್ಟೂ ಇಲ್ಲ. ಆದರೂ ಅದು ಸೋರಿದಾಗ ಬೆಸುಗೆಯವರು ಗಳಿಗೆಯಲ್ಲಿ ಮುಚ್ಚುತ್ತಿದ್ದರು; ಕಟ್ಟಿಕೊಂಡಾಗ ಮೇಲಿನ ತೊಟ್ಟಿಯನ್ನು ಬಿಚ್ಚಿ ನಳಿಗೆಗಳಲ್ಲಿ ಸರಳು ಹಾಯಿಸುತ್ತಿದ್ದರು. ಹೊಸದನ್ನು ಅವರ ಬಳಿ ಕೊಂಡೊಯ್ದಾಗ, ಆ ಆಕ್ಸೈಡಿನ ಪೊರೆಯ ಮೇಲೆ ಸಾಧಾರಣ ಬೆಸುಗೆ ಹಿಡಿಯಲೇ ಇಲ್ಲ. ಯಜಮಾನರು ಇನ್ನೊಂದು ರೇಡಿಯೇಟರನ್ನು ಸಾಲ ಮಾಡಿ ಕೊಂಡರು.

ಇದನ್ನು ಓದಿ ನಾನು ಅಲ್ಯುಮಿನಿಯಮ್ಮಿನ ವೈರಿಯೆಂದು ತಿಳಿಯಬಾರದು. ಇಂದಿನ ಹೊಸ ಕಾರುಗಳಲ್ಲಿ ಹೆಚ್ಚಿನವು ಅದನ್ನೇ ಹೊತ್ತು ಓಡುತ್ತಿವೆ, ಚೆನ್ನಾಗಿಯೇ ಓಡುತ್ತಿವೆ. ಸೀಸದ ಬೆಸುಗೆಯ ಮುಂದೆ ದಿನವೆಲ್ಲ ಬಗ್ಗಿ ಕುಳಿತ ಕೆಲಸಗಾರರ ಮೈಗೆ ಸೀಸ ಸೇರುವುದನ್ನು ನೆನೆದರೆ, ಹಳೆಯ ವಿದ್ಯೆಯನ್ನು ಕೇವಲ ಮಮತೆಯಿಂದ ಹೊಗಳುವುದಕ್ಕೂ ಮನಸ್ಸು ಬಾರದು. ನಳಿಗೆಗಳು ತೀರಾ ಸವೆದು ಹೋದ ಹಳೆಯ ಗಾಡಿಗೆ ಅಲ್ಯುಮಿನಿಯಂ ರೇಡಿಯೇಟರು ಸರಿಯಾದ ಆಯ್ಕೆಯೇ ಆಗಬಹುದು. ನನ್ನ ಆಕ್ಷೇಪ, ರೋಗವನ್ನು ಪರೀಕ್ಷಿಸದೆ ಅಂಗವನ್ನು ಕತ್ತರಿಸುವ ಪದ್ಧತಿಗೆ. ಹೊಸ ಲೋಹವನ್ನು ಮಾರಿ, ಅದಕ್ಕೆ ಬೇಕಾದ ನೀರಿನ ನೇಮವನ್ನು ಹೇಳದೆ ಕಳುಹಿಸುವ ವ್ಯಾಪಾರಕ್ಕೆ. ರೇಡಿಯೇಟರಿನೊಡನೆ ಒಂದು ಹಾಳೆಯಷ್ಟು ಕನ್ನಡದ ಸೂಚನೆಯನ್ನು ಇಟ್ಟುಕೊಡಲು ಮಾರುವವರಿಗೆ ಎಷ್ಟು ಖರ್ಚಾದೀತು?

ಮುಚ್ಚಳದ ವಿಷಯವೂ ಆ ಹಾಳೆಯಲ್ಲಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದರೆ ಕುದಿಬಿಂದು 110 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ರಬ್ಬರು ಹಳಸಿದ ಒಂದು ಮುಚ್ಚಳ ಈ 13 ಡಿಗ್ರಿಗಳ ರಕ್ಷಣೆಯನ್ನು ಕಳೆದುಬಿಡುತ್ತದೆ. ಹೊಸದರ ಬೆಲೆಯಾದರೋ ಅತ್ಯಲ್ಪ.

ಮನೆಯಲ್ಲಿ ಹಳೆಯ ಗಾಡಿಯುಳ್ಳ ವಿದ್ಯಾರ್ಥಿಗಳು ಒಂದು ಪರೀಕ್ಷೆಯನ್ನು ತಾವೇ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಹಿರಿಯರ ಸಮ್ಮುಖದಲ್ಲಿ, ಮುಚ್ಚಳವನ್ನು ತೆಗೆದು ವೋಲ್ಟ್‌ಮಾಪಕದ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು, ಲೋಹಕ್ಕೆ ತಾಗದಂತೆ, ರೇಡಿಯೇಟರಿನ ನೀರಿಗೂ ಹಿಡಿಯಿರಿ. ಮಾಪಕವು 0.3 ವೋಲ್ಟಿಗಿಂತ ಹೆಚ್ಚು ತೋರಿದರೆ ನೀರನ್ನು ಬದಲಿಸಿ, ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥ್ ತಂತಿಯನ್ನು ಬಿಗಿಗೊಳಿಸಿ ಮತ್ತೆ ನೋಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು. ತೆಗೆದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಬೀದಿಯ ನಾಯಿಗಳು ಅದನ್ನು ನೆಕ್ಕಿ ಸಾಯುತ್ತವೆ.

ನಮ್ಮ ಯಜಮಾನರ ಡಿಕ್ಕಿಯಲ್ಲಿ ಈಗ ಕೂಲೆಂಟಿನ ಡಬ್ಬಿಯೊಂದು ಸದಾ ಇರುತ್ತದೆ. ಅಲಂಕಾರದ ದೀಪಗಳನ್ನು ಮತ್ತೆ ಕಟ್ಟಿಸಿದ್ದಾರೆ, ಈ ಸಲ ಬಂಪರಿನ ಕೆಳಗೆ.